ನಾಲ್ಕನೇ ಜ್ವರ

"ಅಕ್ಕಾ, ಅವರು ಬೂಟ್ ಕೊಟ್ಬಿಟ್ರು," ಎಂದಳು ಗಂಗಾಲಕ್ಷ್ಮಿ.

ಹುಳದ ಮನೆಯ ಬಾಗಿಲಾಚೆಗೇ ನಿಂತಿದ್ದಳು. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಅದಕ್ಕೇ ಹೊಸ್ತಿಲ ಪಕ್ಕ ನೀರಿನ ತೊಟ್ಟಿ, ಚೊಂಬು ಇದ್ದೇ ಇರುತ್ತವೆ. ಒಳಗೆ ಶಾಮಲಮ್ಮ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ರೇಷ್ಮೆಹುಳ ನಾಲ್ಕನೇ ಜ್ವರಕ್ಕೆ ಹೋಗಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹಳೇ ಚರ್ಮ ಕಳಚುವ ಹೊತ್ತು. ಆಗ ಹುಳ ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತವೆ. ಮುಟ್ಟಬಾರದು, ಸೊಪ್ಪು ಹಾಕಬಾರದು. ತಾವಾಗಿಯೇ ಏಳಬೇಕು.

ಗಂಗಾಲಕ್ಷ್ಮಿಯ ಗಂಡ ಕದಿರೇಶ್ ಮಿಲಿಟರಿಯಿಂದ ರಿಟೈರಾಗಿ ಊರಿಗೆ ಬಂದದ್ದು ಹೋದ ವರ್ಷ. ಬಂದಾಗಿನಿಂದ ಮಾತು ಕಮ್ಮಿಯಾಗುತ್ತಾ ಹೋಗಿ, ಈಗ ನಿಂತೇ ಹೋಗಿತ್ತು. ಬೂಟನ್ನು ನಂಗಲಿ ಹೆದ್ದಾರಿಯಲ್ಲಿ ಯಾವನೋ ಲಾರಿಯವನಿಗೆ ಕೊಟ್ಟು ಬಂದಿದ್ದನಂತೆ. ಗಡಿಯಾರ ಮಾವನಿಗೆ, ಚಳಿಯ ಕೋಟು ಪಕ್ಕದ ಮನೆಯವರಿಗೆ.

"ಅತ್ತೆ ಹೇಳ್ತಾರೆ, ಜ್ವರಕ್ಕೆ ಹೋದ ಹುಳದಂಗೆ ಕೂತವ್ನೆ, ಮುಟ್ಟಬೇಡ, ತಾನೇ ಎದ್ದೇಳ್ತಾನೆ ಅಂತ."

ಶಾಮಲಮ್ಮನ ಕೈ ಅಲ್ಲೇ ನಿಂತಿತು. ಇದೇ ಮಾತನ್ನು ಹಿಂದೆ ಊರಿಗೆಲ್ಲ ಹೇಳಿದವಳು ಅವಳೇ. ಅವಳ ಗಂಡ ಹವಾಲ್ದಾರ್ ಆವಲಪ್ಪ ಹೀಗೇ ಜಗುಲಿ ಹಿಡಿದು ಕೂತಾಗ, ಬಂದವರನ್ನೆಲ್ಲ ಸದ್ದು ಮಾಡಬೇಡಿ ಎಂದು ವಾಪಸು ಕಳಿಸಿದ್ದಳು. ಕಾಫಿ ಲೋಟ ಪಕ್ಕದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಪಾಪ, ಹುಳ ಸಾಕಿದ ಕೈ, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಆವಲಪ್ಪ ಏಳಲಿಲ್ಲ. ತಾನೇ ಪ್ರಾಣ ಕಳೆದುಕೊಂಡ. ಆಮೇಲೆ ಊರಿನವರು ಅವನ ಹೆಸರೆತ್ತುವುದನ್ನೇ ಬಿಟ್ಟರು. ಇಪ್ಪತ್ತು ವರ್ಷ ಹಿಮದಲ್ಲಿ ನಿಂತವನ ಹೆಸರು ಈ ಜನರ ಬಾಯಿಗೆ ಮೈಲಿಗೆಯಾಯಿತು ನೋಡಿ.

ಶಾಮಲಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೇಬಿಟ್ಟಳು. ಹುಳ ಏಳುವ ಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆಯೇ ಕೆಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತಿರುಗಿಯೂ ನೋಡಲಿಲ್ಲ.

ಕದಿರೇಶ್ ಜಗುಲಿಯ ಮೂಲೆಯಲ್ಲಿದ್ದ. ಅವನ ತಾಯಿ ಕದಿರಮ್ಮ ಅಡ್ಡ ಬಂದು, ಅವನ ಪಾಡಿಗೆ ಅವನನ್ನು ಬಿಡು ಎಂದು ತೆಲುಗಿನಲ್ಲಿ ಗದರಿದಳು. ಶಾಮಲಮ್ಮ ಕಿವಿಗೆ ಹಾಕಿಕೊಳ್ಳದೆ ಅವನೆದುರು ನೆಲದ ಮೇಲೆ ಕೂತಳು.

"ಕದಿರೇಶಾ, ಸಾಯ್ಬೇಕು ಅನ್ನಿಸ್ತಾ ಇದೆಯಾ?"

ಕದಿರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಥ ಮಾತು ಆಡಿದರೆ ಆಗಿಯೇ ಹೋಗುತ್ತದೆ ಎಂದು ನಂಬಿದ ಊರದು. ಕದಿರೇಶ್ ಅಂಗಳದ ಕಡೆ ನೋಡುತ್ತಲೇ ಹೂಂ ಎಂದು ತಲೆಯಾಡಿಸಿದ.

"ಯಾರೂ ಕೇಳ್ಲಿಲ್ಲ ಅತ್ತಿಗೆ," ಎಂದ.

"ನಿಮ್ಮ ಉಸ್ತಾದರನ್ನೂ ನಾನು ಕೇಳ್ಲಿಲ್ಲ ಕಣಪ್ಪ. ಜ್ವರ ಅಂದ್ಕೊಂಡೆ. ಅವರು ಹುಳವಾ?"

ಪಟಾಲಮಿನಲ್ಲಿ ಕೆಲಸ ಕಲಿಸಿದವನನ್ನು ಉಸ್ತಾದ್ ಅನ್ನುತ್ತಾರೆ. ಕದಿರೇಶನಿಗೆ ರೈಫಲ್ ಹಿಡಿಯುವುದನ್ನು ಕಲಿಸಿದವನು ಆವಲಪ್ಪನೇ. ಉಸ್ತಾದ್ ಎಂಬ ಮಾತು ಕಿವಿಗೆ ಬೀಳುತ್ತಲೇ ಅವನು ಮುಖ ಮುಚ್ಚಿಕೊಂಡು ಅತ್ತ.

ಶಾಮಲಮ್ಮ ಅಲ್ಲಿಂದಲೇ ಮುಳಬಾಗಿಲಿನ ಮುರಳಿಮೋಹನನಿಗೆ ಫೋನು ಮಾಡಿದಳು. ಅವನೂ ಮಾಜಿ ಸೈನಿಕ, ಕಾರಿತ್ತು. ಮಧ್ಯಾಹ್ನ ಬಂದು ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ ಎಂದ. ಅವಳು ಕದಿರೇಶನನ್ನು ಎಬ್ಬಿಸಿಕೊಂಡು ಹುಳದ ಮನೆಗೇ ಬಂದಳು. ಅಳುವವರು ಹುಳದ ಮನೆಗೆ ಕಾಲಿಡಬಾರದು ಎಂಬ ಶಾಸ್ತ್ರ ಆ ದಿನ ಮುರಿದುಬಿತ್ತು. ಅವನು ಚೊಂಬಿನಿಂದ ಕಾಲಿಗೆ ನೀರು ಸುರಿದುಕೊಂಡು ಒಳಗೆ ಬಂದ.

ಹುಳ ಎದ್ದಿದ್ದವು. ಸುಕ್ಕುಗಟ್ಟಿದ ಹಳೇ ಚರ್ಮ ಹಿಂದೆ ಬಿದ್ದಿತ್ತು, ಹೊಸ ಮೈಗಳು ಮೆಲ್ಲಗೆ ತೂಗಾಡುತ್ತಿದ್ದವು. ಇಬ್ಬರೂ ತಟ್ಟೆ ತಟ್ಟೆಗೂ ಸೊಪ್ಪು ಹರಡಿದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಮೂಲೆಯಿಂದ ಸಣ್ಣಗೆ ಶುರುವಾಗಿ ಮನೆಯೆಲ್ಲ ತುಂಬಿತು, ಸಾವಿರಾರು ಬಾಯಿ ಎಲೆ ಕಚ್ಚುವ ಸದ್ದು. ಹುಳ ಸಾಕದ ಮನೆಯಲ್ಲಿ ಬೆಳೆದು ಹದಿನೆಂಟಕ್ಕೇ ಊರು ಬಿಟ್ಟಿದ್ದ ಕದಿರೇಶ್ ಅದನ್ನು ಕೇಳಿರಲೇ ಇಲ್ಲ. ಗಡಿಯಲ್ಲಿ ಹಿಮ ಜರಿಯುವ ಶಬ್ದ ಕೇಳಿದ್ದ ಮನುಷ್ಯ ಉಸಿರು ಬಿಗಿಹಿಡಿದು ನಿಂತ. ದಿನಾ ಕೇಳುವ ಶಾಮಲಮ್ಮನಿಗೂ ಮೈ ಜುಮ್ಮೆಂದಿತು.

"ಇಷ್ಟು ಸಣ್ಣ ಜೀವಾನಾ ಇಷ್ಟು ಸದ್ದು ಮಾಡೋದು?" ಎಂದ.

ಕೊನೆಯ ತಟ್ಟೆಯೊಂದರಲ್ಲಿ ಮಾತ್ರ ಹುಳ ಇನ್ನೂ ಎದ್ದಿರಲಿಲ್ಲ. ಅದರ ಅಂಚಿನಲ್ಲಿ ಬಿಳಿ ಬಣ್ಣದ ಅಕ್ಷರ. ಟ್ರಂಕು, ಮಗ್ಗು, ಹಾಸಿಗೆ, ಎಲ್ಲದರ ಮೇಲೂ ಹೆಸರು ಬರೆಯುವ ಮಿಲಿಟರಿ ಚಾಳಿ ಶಾಮಲಮ್ಮನ ಗಂಡನದು. ಅಳಿಸಿಹಾಕು ಎಂದು ನೆಂಟರು ಹೇಳಿದ್ದರು, ಅವಳು ಅಳಿಸಿರಲಿಲ್ಲ. ಕದಿರೇಶ್ ಬಗ್ಗಿ ಗಟ್ಟಿಯಾಗಿ ಓದಿದ. "ಹವಾಲ್ದಾರ್ ಆವಲಪ್ಪ." ಬೇರೊಬ್ಬರ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ, ಶಾಮಲಮ್ಮ ಗೋಡೆಗೆ ಕೈ ಊರಿಕೊಂಡಳು.

"ಇವು ತಡವಾಗಿ ಮೊಟ್ಟೆ ಒಡೆದ ಮರಿ, ನಾಳೆ ಏಳ್ತವೆ," ಎಂದಳು. "ಸೊಪ್ಪು ನೀನೇ ಬಂದು ಹಾಕ್ಬೇಕು. ನಾನು ಹಾಕಲ್ಲ."

ಅವನು ತಟ್ಟೆಯ ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸಿದ. ಅಷ್ಟರಲ್ಲಿ ಕಾರು ಬಂತು.

ಡಾಕ್ಟರು ಬಹಳ ಹೊತ್ತು ಮಾತಾಡಿಸಿದರು, ಮಾತ್ರೆ ಬರೆದುಕೊಟ್ಟರು, ವಾರಕ್ಕೊಮ್ಮೆ ಬರಲು ಹೇಳಿದರು, ಮುರಳಿಮೋಹನ್ ನಮ್ಮ ಮನೆಯಲ್ಲೇ ಮಲಗುತ್ತಾನಂತೆ ಎಂದು ಗಂಗಾಲಕ್ಷ್ಮಿ ಸಂಜೆ ಫೋನಿನಲ್ಲಿ ತಿಳಿಸಿದಳು. ಕದಿರೇಶ್ ಏನಾದರೂ ಮಾತಾಡಿದನೇ ಎಂದರೆ, ಇಲ್ಲ ಅಕ್ಕ ಎಂದಳು.

ಬೆಳಿಗ್ಗೆ ಕೊನೆಯ ತಟ್ಟೆಯ ಹುಳ ಎದ್ದಿದ್ದವು. ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದವು. ಶಾಮಲಮ್ಮ ಸೊಪ್ಪಿನ ಕುಕ್ಕೆಯನ್ನು ತಂದು ಪಕ್ಕದಲ್ಲಿಟ್ಟಳು. ಕೈ ಎರಡು ಸಲ ಕುಕ್ಕೆಯತ್ತ ಹೋಗಿ ವಾಪಸು ಬಂತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದರೂ ಅವಳು ಹಾಕಲಿಲ್ಲ. ಬಾಗಿಲ ಕಡೆಗೇ ನೋಡುತ್ತಾ ನಿಂತಳು.

ಹೊರಗೆ ಯಾರೋ ತೊಟ್ಟಿಯಲ್ಲಿ ಚೊಂಬು ಅದ್ದಿದರು. ಕಾಲಿಗೆ ನೀರು ಬಿದ್ದ ಸದ್ದಾಯಿತು. ಒಂದು ಕಾಲು. ಆಮೇಲೆ ಇನ್ನೊಂದು.