ನಿಂಬೆಹಣ್ಣಿಗೆ ನಿಂತ ಊರು

ನಮ್ಮೂರಿನ ದೊಡ್ಡ ವೃತ್ತದ ನಟ್ಟನಡುವೆ ಒಂದು ಕಲ್ಲಿನ ಪೀಠವಿತ್ತು. ಪೀಠದ ಮೇಲೆ ಒಂದು ಕಂದು ನಾಯಿ ಮಲಗಿರುತ್ತಿತ್ತು. ಪೀಠವನ್ನು ಕಟ್ಟಿಸಿದ್ದು ಪ್ರತಿಮೆಗಾಗಿ. ಯಾರ ಪ್ರತಿಮೆ ಎನ್ನುವುದು ಇತ್ಯರ್ಥವಾಗುವ ಮೊದಲೇ ಕಟ್ಟಿಸಿದವರು ತೀರಿಕೊಂಡರು, ಜಗಳ ಉಳಿಯಿತು. ಒಂದೊಂದು ಕೇರಿಯವರೂ ಒಬ್ಬೊಬ್ಬ ಮಹನೀಯರ ಹೆಸರು ಹಿಡಿದು ಕೂತಿದ್ದಾಗ ನಾಯಿ ಯಾರ ಒಪ್ಪಿಗೆಯನ್ನೂ ಕೇಳದೆ ಪೀಠಾಧಿಪತಿಯಾಯಿತು. ಬಸ್ಸು, ಲಾರಿ, ಟ್ರ್ಯಾಕ್ಟರು, ಮೊಪೆಡ್ಡುಗಳು ತಮಗೆ ತೋಚಿದ ಕಡೆಯಿಂದ ನುಗ್ಗಿ, ಬೈದು, ಬೈಸಿಕೊಂಡು ಹೋಗುವುದನ್ನು ಅದು ಒಂದೇ ಕಿವಿ ನಿಮಿರಿಸಿ ಆಲಿಸುತ್ತಿತ್ತು. ಆ ವೃತ್ತದಲ್ಲಿ ಪ್ರವೃತ್ತರಾದವರು ಯಾವ ಗಳಿಗೆಯಲ್ಲಾದರೂ ನಿವೃತ್ತರಾಗಬಹುದು ಎಂದು ನಾನು ಆಗಷ್ಟೇ ಮುಗಿಸಿದ್ದ ಕಾಲೇಜಿನ ಠೇಂಕಾರದಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಅಲ್ಲಿ ಬಿದ್ದು ಎದ್ದು ಬಂದವರೊಬ್ಬರಿದ್ದರು.

ನಮ್ಮ ಮನೆಯಲ್ಲಿ ಅವರು ನನ್ನ ಸೋದರತ್ತೆ ಕುಸುಮಾವತಿ. ಚಿಕ್ಕಂದಿನಲ್ಲಿ ಬಂದ ಜ್ವರ ಅತ್ತೆಯ ಕಾಲುಗಳ ಬಲವನ್ನು ಒಯ್ದಿತ್ತು. ಒಯ್ದದ್ದನ್ನೆಲ್ಲ ಅದು ತೋಳುಗಳಿಗೆ ತಂದು ಹಾಕಿತೇನೋ ಎನ್ನುವ ಹಾಗೆ ಅವಳು ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯನ್ನು ಓಡಿಸುತ್ತಿದ್ದಳು. ವೃತ್ತದ ಆಚೆ ಬದಿಯ ಹಳೆಯ ಹತ್ತಿ ಗೋದಾಮಿನ ಒಂದು ಕೋಣೆಯಲ್ಲಿ ಅವಳ ಹೊಲಿಗೆ ತರಗತಿ. ಆಚೆ ಕೇರಿಯ ಹುಡುಗಿಯರೆಲ್ಲ ಅವಳ ಶಿಷ್ಯೆಯರು. ಬೆಳಿಗ್ಗೆ ಹೋಗುವಾಗ ಒಮ್ಮೆ, ಸಂಜೆ ಬರುವಾಗ ಒಮ್ಮೆ ಅತ್ತೆ ವೃತ್ತವನ್ನು ದಾಟಬೇಕು. ಯಾರಾದರೂ ಹಿಂದಿನಿಂದ ಗಾಡಿಗೆ ಕೈ ಹಚ್ಚಿದರೆ ತಿರುಗಿ ನೋಡುತ್ತಿದ್ದಳು. ಆ ನೋಟಕ್ಕೆ ಹಚ್ಚಿದ ಕೈ ತಾನಾಗಿ ಜೇಬು ಸೇರುತ್ತಿತ್ತು.

ಒಂದು ಬೆಳಿಗ್ಗೆ ಹಾಲಿನ ವ್ಯಾನೊಂದು ಗಾಡಿಯ ಹಿಂದಿನ ಗಾಲಿಗೆ ತಾಗಿ, ಅತ್ತೆ ಗಾಡಿಸಮೇತ ಬುಗುರಿಯಂತೆ ಸುತ್ತಿದಳು. ಮೈಗೆ ಏನೂ ಆಗಲಿಲ್ಲ. ಆದರೆ ಅಪ್ಪ ಅಂದೇ ತೀರ್ಪು ಕೊಟ್ಟರು. ಯುಗಾದಿಯವರೆಗೆ ನೋಡುವುದು, ಅಷ್ಟರಲ್ಲಿ ವೃತ್ತದ ಅವಸ್ಥೆ ಸರಿಹೋಗದಿದ್ದರೆ ತರಗತಿಯನ್ನು ನಮ್ಮ ಮನೆಯ ಪಡಸಾಲೆಗೆ ತರುವುದು. ಪಡಸಾಲೆಗೆ ತಂದರೆ ಅದು ಮುಚ್ಚಿದಂತೆಯೇ. ಆ ವೃತ್ತವನ್ನು ದಾಟಿಸಿ ಹೆಣ್ಣುಮಕ್ಕಳನ್ನು ಈಚೆಗೆ ಕಳಿಸುವ ತಾಯಂದಿರು ಆಚೆ ಕೇರಿಯಲ್ಲಿ ಒಬ್ಬರೂ ಇರಲಿಲ್ಲ.

ಅತ್ತೆ ಪುರಸಭೆಗೆ ಹೋದಳು. ಜೊತೆಗೆ ನಾನೂ ಹೋದೆ, ಎಂಜಿನಿಯರ್ ಸೂರ್ಯಕಾಂತಪ್ಪನವರ ಧ್ವನಿಯನ್ನು ಅಣಕಿಸಲು ಕಲಿಯುವ ಆಸೆಗೆ. ಅವರದು ಪ್ರತಿ ವಾಕ್ಯದ ಕೊನೆಯಲ್ಲೂ ಗಾಳಿ ಬಿಟ್ಟ ಟಯರಿನಂತೆ ಇಳಿದುಹೋಗುವ ಧ್ವನಿ. ದಾಟುವ ಜಾಗಕ್ಕೆ ಅಡ್ಡಪಟ್ಟೆ ಬೇಕು, ಯಾವ ಕಡೆಯಿಂದ ಸುತ್ತಬೇಕೆನ್ನುವುದಕ್ಕೆ ಬಾಣದ ಗುರುತು ಬೇಕು, ‘ನಿಧಾನವಾಗಿ ಚಲಿಸಿ’ ಎಂಬ ಹಲಗೆ ಹುಟ್ಟುಹಬ್ಬದ ಶುಭಾಶಯಗಳ ಹಿಂದೆ ಹೂತುಹೋಗಿದೆ, ಅದನ್ನು ಹೊರತೆಗೆಯಬೇಕು ಎಂದು ಅತ್ತೆ ಬಿಡಿಸಿ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಬಿಳಿ ಬಣ್ಣವೇನೋ ಉಗ್ರಾಣದಲ್ಲಿದೆ, ಆದರೆ ಅದು ಮಂತ್ರಿಗಳು ಬಂದಾಗ ಬಳಿಯುವ ಬಣ್ಣ, ಹಾಗೆಲ್ಲ ತೆಗೆಯುವಂತಿಲ್ಲ ಎಂದರು. ಕೊನೆಗೆ ತುಂಬ ಕನಿಕರದಿಂದ ಕೇಳಿದರು:

“ಈ ಥರ ಗಾಡೀಲಿ ದಾಟೋರು ಇಡೀ ಊರಿಗೆ ನೀವೊಬ್ಬರೇ ಅಮ್ಮಾ. ಒಬ್ಬರಿಗೋಸ್ಕರ ಪಟ್ಟೆ ಎಳೆಯೋಕಾಗುತ್ತಾ?”

“ಮಂತ್ರಿಗಳು ಎಷ್ಟು ಜನ ಬರ್ತಾರೆ?” ಎಂದಳು ಅತ್ತೆ.

ಅವರು ಗಂಟೆ ಒತ್ತಿ ಕಾಫಿ ತರಿಸಿದರು. ಅತ್ತೆ ಕುಡಿಯಲಿಲ್ಲ, ಅವಳ ಪಾಲನ್ನೂ ನಾನೇ ಕುಡಿದೆ. ಅಂದಿನಿಂದ ವಾರಕ್ಕೊಮ್ಮೆಯಾದರೂ ಅವಳ ಗಾಡಿ ಪುರಸಭೆಯ ಮೆಟ್ಟಿಲ ಬುಡದಲ್ಲಿ ನಿಲ್ಲತೊಡಗಿತು. ಅತ್ತೆಯದು ಪಟ್ಟು, ಪುರಸಭೆಯದು ಪಟ್ಟೆ. ಎರಡಕ್ಕೂ ಒಂದು ಅಕ್ಷರದ ಅಂತರವೂ ಇಲ್ಲ ಎಂದು ನಾನು ಹೇಳಿದೆ. ಅತ್ತೆ, ಪಟ್ಟು ಉಂಟು, ಪಟ್ಟೆ ಇಲ್ಲ, ಅಂತರ ಅದೇ ಎಂದಳು.

ಯುಗಾದಿ ಹತ್ತಿರವಾಗುತ್ತ ಬಂತು. ನಮ್ಮೂರಿನಲ್ಲಿ ಮಕ್ಕಳಿಗೆ ದೃಷ್ಟಿಯಾದರೆ ನಿಂಬೆಹಣ್ಣನ್ನು ನಿವಾಳಿಸಿ, ಕುಂಕುಮ ಹಚ್ಚಿ, ರಸ್ತೆಗಳು ಕೂಡುವಲ್ಲಿ ಎಸೆದು ಹಿಂತಿರುಗಿ ನೋಡದೆ ಬರುವ ರೂಢಿ. ಹಾಗೆ ಬಿದ್ದ ಹಣ್ಣನ್ನು ದಾಟಿದವರಿಗೆ ಆ ಕೇಡು ಅಂಟುತ್ತದೆಂದು ನಂಬಿಕೆ. ಇದೇ ಡ್ರೈವರುಗಳು ಹೊಸ ಗಾಡಿ ಕೊಂಡರೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಜಜ್ಜಿ, ಕೈಮುಗಿದು ಹೊರಡುತ್ತಿದ್ದರು. ತಾವೇ ಇಟ್ಟು ತಾವೇ ಜಜ್ಜಿದರೆ ರಕ್ಷೆ, ಬೇರೆಯವರು ಎಸೆದದ್ದಾದರೆ ಮಾರಿ. ಕೆಂಪು ದೀಪಕ್ಕೆ, ಪೊಲೀಸರ ಸೀಟಿಯ ಸದ್ದಿಗೆ, ಹಡೆದ ತಾಯಿಯ ಕೂಗಿಗೆ ನಿಲ್ಲದ ಲಾರಿಯೊಂದು ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡು ಕಿರ್ರೆಂದು ನಿಂತು, ಪಕ್ಕಕ್ಕೆ ಸರಿದು, ಮೆಲ್ಲನೆ ಹೋದದ್ದನ್ನು ಒಂದು ದಿನ ನಾನು ಚಹಾದ ಅಂಗಡಿಯಿಂದ ನೋಡಿದೆ.

ಮರುದಿನ ಮುಂಜಾನೆ ವಾಯುವಿಹಾರದ ನೆಪ ಹೇಳಿ ಹೊರಟೆ. ಹಿತ್ತಲ ಗಿಡದಿಂದ ಕಿತ್ತ ಹಣ್ಣುಗಳಿಗೆ ಧಾರಾಳವಾಗಿ ಕುಂಕುಮ ಮೆತ್ತಿ, ಅತ್ತೆ ದಾಟುವ ಜಾಗದ ಎರಡೂ ಅಂಚಿಗೆ ಸಾಲಾಗಿ ಇಟ್ಟು ಬಂದೆ. ಪೀಠದ ಮೇಲಿನ ನಾಯಿ ತಲೆಯೆತ್ತಿ ನೋಡಿ, ಇದು ತನ್ನ ಮಟ್ಟದ ವಿಷಯವಲ್ಲವೆಂಬಂತೆ ಮತ್ತೆ ಮಲಗಿತು.

ಫಲ ಸಿಕ್ಕಿತು. ಬಸ್ಸುಗಳು ದೂರದಲ್ಲೇ ನಿಧಾನಿಸಿದವು, ಟ್ರ್ಯಾಕ್ಟರುಗಳು ಹೆಣ್ಣು ನೋಡಲು ಬಂದ ಗಂಡಿನಂತೆ ತಲೆತಗ್ಗಿಸಿ ಬಂದವು. ಅತ್ತೆ ನಡುವಿನ ದಾರಿಯಲ್ಲಿ ರಾಣಿಯ ಹಾಗೆ ದಾಟಿದಳು. ಸಂಜೆ ನಾನು ಗೆಳೆಯರ ಮುಂದೆ ಬಸ್ಸಿನ ಡ್ರೈವರ್, ಕಂಡಕ್ಟರ್, ಬ್ರೇಕು, ಬೆಚ್ಚಿಬಿದ್ದ ಪ್ರಯಾಣಿಕರು ಎಲ್ಲವನ್ನೂ ಒಬ್ಬನೇ ಮಾಡಿ ತೋರಿಸಿದೆ. ಮುಂಜಾನೆಯ ವಾಯುವಿಹಾರ ನಿತ್ಯದ ರೂಢಿಯಾಯಿತು. ಅಪ್ಪ, ಮಗನಿಗೆ ಕೊನೆಗೂ ಶಿಸ್ತು ಬಂತೆಂದು ಸಂತೋಷಪಟ್ಟರು.

ಆದರೆ ನಮ್ಮೂರು ಕಾರಣವಿಲ್ಲದ ನಿಂಬೆಹಣ್ಣನ್ನು ಸಹಿಸುವ ಊರಲ್ಲ. ವೃತ್ತದಲ್ಲಿ ಏನೋ ಸೇರಿಕೊಂಡಿದೆಯಂತೆ ಎಂದು ಮೊದಲು ಹೂವಿನ ಅಂಗಡಿಯವರು ಹೇಳಿದರು. ಬಸ್ಸುನಿಲ್ದಾಣ ಮುಟ್ಟುವಷ್ಟರಲ್ಲಿ ಅದು ಹೆಣ್ಣು ಎಂದಾಯಿತು. ಸಂತೆಯ ಹೊತ್ತಿಗೆ ಅದಕ್ಕೆ ಕಾಲಿಲ್ಲ ಎಂದಾಯಿತು. ಅತ್ತೆ ದಾಟುವಾಗ ಜನ ಮುಖ ತಿರುಗಿಸತೊಡಗಿದರು. ಹೊಲಿಗೆ ತರಗತಿಯ ಒಬ್ಬ ಹುಡುಗಿಗೆ ಜ್ವರ ಬಂತು, ಇನ್ನೊಬ್ಬಳಿಗೆ ನೆಂಟರು ಬಂದರು, ಮತ್ತೊಬ್ಬಳು ಕಾರಣವನ್ನೇ ಹೇಳದೆ ಬರುವುದನ್ನು ಬಿಟ್ಟಳು.

ಒಂದು ಸಂಜೆ ಅತ್ತೆ ಹಿತ್ತಲಿಗೆ ಗಾಡಿ ತಂದು ನಿಂಬೆಯ ಗಿಡದ ಕೆಳಗೆ ನಿಲ್ಲಿಸಿ ನನ್ನನ್ನು ಕರೆದಳು.

“ಗಿಡ ಬೋಳಾಗ್ತಿದೆ. ನಿಮ್ಮಪ್ಪಂಗೆ ಉಪ್ಪಿನಕಾಯಿ ಸೇರಲ್ಲ, ನಿಂಗೆ ಪಿತ್ತ ಇಲ್ಲ. ಯಾವತ್ತಿಂದ ನಡೀತಿದೆ ಇದು?”

ನಾನು ಮಾತು ಮರೆಸಲು ಬಸ್ಸಿನ ಡ್ರೈವರನ ಅವತಾರವೆತ್ತಿದೆ. ಕಣ್ಣು ಅಗಲಿಸಿ, ಸ್ಟೇರಿಂಗ್ ತಿರುಗಿಸಿ, ಮನೆದೇವರನ್ನು ಕೂಗಿದೆ. ನನ್ನ ಯಾವ ಅಣಕಕ್ಕೂ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅಂದು ನಗಲಿಲ್ಲ.

“ಚೆನ್ನಾಗಿ ಮಾಡ್ತೀಯ. ಆದ್ರೆ ಒಂದು ಬಿಟ್ಟೆ ನೀನು. ಅವನು ನನ್ನ ಮುಖ ನೋಡಲ್ಲ ಕಣೋ, ನೆಲ ನೋಡ್ತಾನೆ. ಮುಂಚೆ ಬೈಯೋಕಾದ್ರೂ ನನ್ನ ಕಡೆ ನೋಡ್ತಿದ್ದ.”

ನಿಲ್ಲುತ್ತಾರಲ್ಲ, ಅಷ್ಟು ಸಾಲದೇ ಎಂದೆ. ಯುಗಾದಿಯ ಗಡುವನ್ನೂ, ಪಡಸಾಲೆಯನ್ನೂ ನೆನಪಿಸಿದೆ.

“ದೆವ್ವಕ್ಕೆ ಕೊಡೋ ಮರ್ಯಾದೆ ನನಗೆ ಬೇಡ” ಎಂದಳು ಅತ್ತೆ. “ಹಿಂದಿಂದ ಗಾಡಿ ತಳ್ಳೋರಿಗೂ ನಿಂಗೂ ಏನು ವ್ಯತ್ಯಾಸ? ಅವರ ಕೈ ಕಾಣುತ್ತೆ, ನಿಂದು ಕಾಣಲ್ಲ.”

ಮರುದಿನ ನಾನು ಹಣ್ಣು ಇಡಲಿಲ್ಲ. ಆದರೆ ಹಣ್ಣುಗಳು ಇದ್ದೇ ಇದ್ದವು. ಊರವರು ತಾವೇ ತಂದಿಡತೊಡಗಿದ್ದರು, ಬೂದುಗುಂಬಳವೂ ಬಂದಿತ್ತು. ಕೊನೆಗೆ ಪುರಸಭೆ ಎಚ್ಚೆತ್ತಿತು. ಪಟ್ಟೆಗೆ ಇಲ್ಲದ ಮಂಜೂರಾತಿ ಶಾಂತಿಪೂಜೆಗೆ ಸಿಕ್ಕಿತು. ಯುಗಾದಿಗೆ ಮುಂಚಿನ ಸೋಮವಾರ ವೃತ್ತದಲ್ಲಿ ಪೂಜೆ, ಮಂತ್ರಿಗಳೇ ಬಂದು ಪೂರ್ಣಾಹುತಿ ಕೊಡುತ್ತಾರೆಂದು ಡಂಗುರ ಸಾರಿದರು.

ಮಂತ್ರಿಗಳು ಬರುತ್ತಾರೆಂದರೆ ಉಗ್ರಾಣದ ಬಿಳಿ ಬಣ್ಣ ಹೊರಬಂತು. ಆ ಬೆಳಿಗ್ಗೆ ಪೇಂಟರ್ ದಸ್ತಗೀರ್ ಸಾಬರು ಡಬ್ಬಿಗಳನ್ನು ಸಾಲಾಗಿಟ್ಟುಕೊಂಡು ಪೀಠಕ್ಕೆ ಬಣ್ಣ ಬಳಿಯುತ್ತಿದ್ದರು. ನಾಯಿ ಕೆಳಗಿಳಿಯಲು ಒಪ್ಪದ ಕಾರಣ ಅದರ ಸುತ್ತ ಬಳಿದು, ನಡುವೆ ನಾಯಿಯಾಕಾರದ ಕಲ್ಲನ್ನು ಹಾಗೇ ಬಿಟ್ಟಿದ್ದರು. ರಸ್ತೆಯ ಹಣ್ಣುಗಳನ್ನೆಲ್ಲ ಗುಡಿಸಿಹಾಕಿದ್ದರು. ಪೀಠದ ಬುಡದಲ್ಲಿ ಹೋಮಕುಂಡ, ಪುರೋಹಿತರು, ತಟ್ಟೆ ತುಂಬ ಕುಂಕುಮ ಹಚ್ಚಿದ ನಿಂಬೆಹಣ್ಣು. ‘ನಿಧಾನವಾಗಿ ಚಲಿಸಿ’ ಹಲಗೆಯ ಮೇಲೆ ಈಗ ಮಂತ್ರಿಗಳಿಗೆ ಸ್ವಾಗತ ಕೋರುವ ದೊಡ್ಡ ಫ್ಲೆಕ್ಸು. ಊರೆಲ್ಲ ನೆರೆದಿತ್ತು. ಆಚೆ ಬದಿಯಲ್ಲಿ ಹೊಲಿಗೆಯ ಹುಡುಗಿಯರು ತಾಯಂದಿರ ಸೆರಗಿನ ಹಿಂದೆ ನಿಂತಿದ್ದರು.

ಅತ್ತೆ ಎಂದಿನ ಹೊತ್ತಿಗೆ, ಎಂದಿನ ಚೀಲದೊಂದಿಗೆ ಬಂದಳು. ಜನ ದಾರಿ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು. ಅವಳು ನೇರ ಪುರೋಹಿತರ ಬಳಿ ಹೋಗಿ ತಟ್ಟೆಯಿಂದ ಒಂದು ಹಣ್ಣು ತೆಗೆದುಕೊಂಡಳು. ಅಲ್ಲಿಂದ ಗಾಡಿ ತಿರುಗಿಸಿ, ತಾನು ದಿನವೂ ದಾಟುವ ಜಾಗಕ್ಕೆ ಬಂದು ರಸ್ತೆಯ ನಡುವೆ ನಿಲ್ಲಿಸಿದಳು. ಚೀಲದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು ಹಣ್ಣನ್ನು ಎರಡು ಹೋಳು ಮಾಡಿದಳು. ಎರಡನ್ನೂ ತನ್ನ ನೀರಿನ ಬಾಟಲಿಗೆ ಹಿಂಡಿದಳು. ಕುಂಕುಮ ಇಳಿದು ನೀರು ಕೆಂಪಗಾಯಿತು. ಊರು ನೋಡುತ್ತಿದ್ದಂತೆ ಅಷ್ಟನ್ನೂ ಗಟಗಟನೆ ಕುಡಿದು, ಹುಳಿಗೆ ಒಂದು ಕಣ್ಣು ಮುಚ್ಚಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಪುರೋಹಿತರ ಮಂತ್ರ ಅರ್ಧದಲ್ಲಿ ನಿಂತಿತು.

“ಇಷ್ಟು ದಿನ ಇದಕ್ಕೆ ಹೆದರಿ ಬ್ರೇಕ್ ಹಾಕಿದ್ರಿ” ಎಂದಳು, ಧ್ವನಿ ಏರಿಸದೆ. “ಈಗ ಇದು ನನ್ನ ಹೊಟ್ಟೇಲಿದೆ. ಇನ್ನು ಯಾರಿಗೆ ನಿಲ್ತೀರಿ ಹೇಳಿ.”

ಸೂರ್ಯಕಾಂತಪ್ಪನವರು ಓಡಿಬಂದರು. ಮಂತ್ರಿಗಳ ಕಾರು ಊರಾಚೆಯ ಸೇತುವೆಗೆ ಬಂದಿದೆ, ಅಲ್ಲಿ ಹಾರ ಹಾಕಿಸಿಕೊಂಡು ಇಲ್ಲಿಗೇ ಬರುತ್ತಾರೆ, ದಯಮಾಡಿ ಪಕ್ಕಕ್ಕೆ ಸರಿಯಬೇಕು, ನಾಳೆಯೇ ಕೂತು ಮಾತಾಡೋಣ ಎಂದು ಬೇಡಿಕೊಂಡರು. ಅತ್ತೆ ಗಾಡಿಯ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಬಣ್ಣ ಇದೆ, ಬಳಿಯೋರಿದ್ದಾರೆ, ರಸ್ತೆ ಖಾಲಿ ಇದೆ. ನಾಳೆ ಇದರಲ್ಲಿ ಯಾವುದು ಇರುತ್ತೆ ಸಾರ್?” ಆಮೇಲೆ ನನ್ನ ಕಡೆ ತಿರುಗಿದಳು. “ಏನೋ, ಹಣ್ಣು ಇಡೋಕೆ ಮಾತ್ರ ಬರುತ್ತೋ, ಹಲಗೆ ಮುಚ್ಚಿರೋದನ್ನ ಕೀಳೋಕೂ ಬರುತ್ತೋ?”

ನಾನು ಕಂಬ ಹತ್ತಿದೆ. ಕೆಳಗಿನಿಂದ ಯಾರೋ ಗದರಿದರು. ನಾನು ಸೂರ್ಯಕಾಂತಪ್ಪನವರ ಇಳಿದನಿಯಲ್ಲೇ “ಮೇಲಿನಿಂದ ಮಂಜೂರಾತಿ ಬಂದಿದೆ” ಎಂದೆ. ಫ್ಲೆಕ್ಸು ಹರಿದು, ಮಂತ್ರಿಗಳ ನಗುಮುಖ ಮಡಚಿಕೊಂಡು ಕೆಳಗೆ ಬಿತ್ತು. ಅದರ ಹಿಂದೆ ತುಕ್ಕು ಹಿಡಿದಿದ್ದರೂ ಓದಲು ಬರುವಂತಿದ್ದ ಹಲಗೆ ಹೊರಬಂತು.

ದೂರದಲ್ಲಿ ಸೈರನ್ ಕೇಳಿಸಿತು. ಎಂಜಿನಿಯರರು ಸೇತುವೆಯ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು, ಕೊನೆಗೆ ದಸ್ತಗೀರ್ ಸಾಬರ ಕಡೆ ನೋಡಿ ತಲೆಯಾಡಿಸಿದರು. ಸಾಬರು ಆಗಲೇ ಡಬ್ಬಿ ಎತ್ತಿಕೊಂಡಿದ್ದರು. ಅಳತೆಯ ಹಗ್ಗ ಬೇಕೆಂದಾಗ ಅತ್ತೆ ತನ್ನ ಕೊರಳಿನ ಹೊಲಿಗೆಯ ಟೇಪನ್ನೇ ತೆಗೆದುಕೊಟ್ಟು, ಗಾಡಿಯನ್ನು ಈಚೆ ಬದಿಗೆ ಸರಿಸಿದಳು. ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಯನ್ನು ಹಿಡಿಯಲು ಆಚೆ ಬದಿಯಿಂದ ಜ್ವರದ ಹುಡುಗಿ ತಾಯಿಯ ಸೆರಗು ಬಿಟ್ಟು ಬಂದಳು. ಅಗಲವಾದ ಬಿಳಿಯ ಪಟ್ಟೆಗಳು ಒಂದರ ಪಕ್ಕ ಒಂದು ಡಾಂಬರಿನ ಮೇಲೆ ಬಿದ್ದವು.

ಕೊನೆಯ ಪಟ್ಟೆ ಮುಗಿಯುತ್ತಿದ್ದಂತೆ ಅತ್ತೆ ಗಾಡಿಯನ್ನು ಪಟ್ಟೆಗಳಿಗೆ ಎದುರಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಪೈಲಟ್ ಜೀಪು, ಅದರ ಹಿಂದೆ ಮಂತ್ರಿಗಳ ಕಾರು ವೃತ್ತಕ್ಕೆ ಬಂದವು. ಹಸಿ ಇದೆ, ಒಣಗುವವರೆಗಾದರೂ ಕಾಯಿರಿ ಎಂದು ಎಂಜಿನಿಯರರು ಕೈಮುಗಿದರು. ಅತ್ತೆ ಹಿಡಿಯನ್ನು ತಿರುಗಿಸಿದಳು. ಜೀಪು ಹಾರ್ನು ಬಾರಿಸಿತು. ಅವಳು ನಿಲ್ಲಲಿಲ್ಲ, ಅವಸರಿಸಲೂ ಇಲ್ಲ. ಜೀಪಿನ ಡ್ರೈವರನ ಮುಖವನ್ನೇ ನೋಡುತ್ತ ಮುಂದೆ ಬಂದಳು. ಅವನು ಮೊದಲು ನೆಲ ನೋಡಿದ. ಅಲ್ಲಿ ಹಣ್ಣಿರಲಿಲ್ಲ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ. ಜೀಪು ನಿಂತಿತು. ಹಿಂದೆ ಕಾರು ನಿಂತಿತು. ಅದರ ಹಿಂದೆ, ಏನಾಗಿದೆಯೆಂದು ತಿಳಿಯದೆ, ಸಂತೆಯ ಬಸ್ಸೂ ನಿಂತಿತು.

ಅಪ್ಪ ಗುಂಪಿನ ಅಂಚಿನಲ್ಲಿದ್ದರು. ಪಡಸಾಲೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎಲ್ಲರೂ ಅಂದಿನಿಂದ ನಿಂತರು ಎಂದು ನಾನು ಹೇಳಲಾರೆ. ಮರುದಿನವೇ ಒಂದು ಮೊಪೆಡ್ಡು ನುಗ್ಗಿತು, ಅತ್ತೆ ಅದರ ಸವಾರನಿಗೆ ಅಳತೆಗೋಲಿನ ರುಚಿ ತೋರಿಸಿದಳು.

ಆದರೆ ಆ ದಿನ ಪೂಜೆ ಮುಗಿದು, ಮಂತ್ರಿಗಳು ಹೋಗಿ, ಜನ ಚದುರಿದ ಮೇಲೆ ನಾನು ಆಚೆ ಬದಿಗೆ ದಾಟಿದೆ. ಹಸಿ ಪಟ್ಟೆಗಳ ಮೇಲೆ ಹಾದುಹೋದ ಮೂರು ಗಾಲಿಗಳ ಗುರುತು ಡಾಂಬರು ಬಿಟ್ಟು ಮಣ್ಣಿಗಿಳಿದಿತ್ತು. ಮೂರು ಬಿಳಿಯ ಗೆರೆಗಳು ಹತ್ತಿ ಗೋದಾಮಿನ ಗೋಡೆಯುದ್ದಕ್ಕೂ ಹೋಗಿದ್ದವು. ಮೊದಲು ದಟ್ಟವಾಗಿ, ಬರಬರುತ್ತ ತೆಳ್ಳಗಾಗಿ, ಒಂದು ಕಡೆಯೂ ಕಡಿಯದೆ. ಕೋಣೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ, ಆ ಗೆರೆಗಳನ್ನು ತುಳಿಯದಂತೆ ಪಕ್ಕಕ್ಕೆ ಸರಿಸಿ, ಹುಡುಗಿಯರು ಚಪ್ಪಲಿಗಳನ್ನು ಬಿಟ್ಟಿದ್ದರು.