ಅಳತೆ ಬ್ಲೌಸು ಯಾರದು?

ಸಂಘದ ಅಕ್ಕಂದಿರೇ, ನನಗೆ ಭಾಷಣ ಬರುವುದಿಲ್ಲ. ಮೈಕು ಕೈಗೆ ಕೊಟ್ಟರೆ ನಾಲಿಗೆ ಒಣಗುತ್ತದೆ. ಆದರೆ ನಡೆದದ್ದು ಹೇಳು ಅಂದರೆ ನನ್ನ ಬಾಯಿ ಮುಚ್ಚಿಸುವುದು ಕಷ್ಟ, ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ನನ್ನ ಹೆಸರು ಯಾಸ್ಮೀನ್. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು.

ಮದುವೆ ಕಾಲ ಬಂದರೆ ನಮ್ಮ ಪಾಡು ನಿಮಗೂ ಗೊತ್ತು. ಎಲ್ಲರಿಗೂ ನಾಳೆಯೇ ಬೇಕು. ಎಲ್ಲರೂ ಫೋನನ್ನು ಮುಖಕ್ಕೆ ಹಿಡಿದು "ಅಕ್ಕ, ಇಂಗೇ ಬೇಕು" ಅನ್ನುವವರೇ. ಹೋದ ವರ್ಷ ಪಫ್ ತೋಳು. ಈ ವರ್ಷ ಮೈಗೆ ಅಂಟಿಕೊಂಡ ಉದ್ದ ತೋಳು, ಬೆನ್ನಿಗೆ ಬರೀ ದಾರ. ನಾನು ಫ್ಯಾಶನ್ನಿಗೆ ಬಯ್ಯುವವಳಲ್ಲ ಮತ್ತೆ! ನನ್ನ ಮನೆಯ ಒಲೆ ಉರಿಯುವುದೇ ಅದರಿಂದ. ಫ್ಯಾಶನ್ ಬದಲಾದರೆ ತೋಳು ಬಿಚ್ಚಿ ಬೇರೆ ತೋಳು ಹಾಕುತ್ತೇನೆ. ಹೊಲಿಗೆ ಇರುವುದೇ ಬಿಚ್ಚುವುದಕ್ಕೆ. ಆದರೆ ಮೈಯನ್ನೇ ಬಿಚ್ಚಿ ಹೊಲಿಯಲು ಹೊರಟರೆ?

ನಮ್ಮ ಬೀದಿಯ ಕೊನೆಯಲ್ಲಿ ಅಕ್ಕಸಾಲಿ ಮಂಜುನಾಥಣ್ಣನ ಮನೆ. ಮಗಳು ಅನುಶ್ರೀ. ದುಂಡು ಮುಖ, ದುಂಡು ಕೈ, ನಕ್ಕರೆ ಬೀದಿಗೆಲ್ಲ ಕೇಳಬೇಕು. ಅವಳ ಮೊದಲ ಲಂಗದಿಂದ ಹಿಡಿದು ಕಾಲೇಜಿನ ಚೂಡಿದಾರದವರೆಗೆ ಎಲ್ಲವನ್ನೂ ಹೊಲಿದವಳು ನಾನೇ. ಅಕ್ಕಿಹೆಬ್ಬಾಳಿನ ಹುಡುಗನ ಜೊತೆ ನಿಶ್ಚಿತಾರ್ಥ ಆಯಿತು. ಸ್ವಲ್ಪ ದಿನಕ್ಕೆ ಧಾರೆ ಸೀರೆಯ ರೇಷ್ಮೆ ತುಂಡು ಹಿಡಿದುಕೊಂಡು ಅಂಗಡಿಗೆ ಬಂದಳು. ಜೊತೆಗೆ ಅಳತೆಗೆ ಅಂತ ಒಂದು ಹಳೆಯ ಬ್ಲೌಸು.

ಆ ಬ್ಲೌಸನ್ನು ಕೈಗೆ ತೆಗೆದುಕೊಂಡವಳೇ ಕೇಳಿದೆ. "ಇದು ಯಾರ್ದವ್ವ?"

"ನಂದೇ ಅಕ್ಕ."

"ನಿಂದಾ? ಇದು ನನ್ನ ಹೊಲಿಗೆ ಅಲ್ವಲ್ಲ. ನೀನು ಯಾವಾಗಿಂದ ಬೇರೆ ಕಡೆ ಓಗಕ್ಕೆ ಶುರು ಮಾಡಿದೆ?"

ಹುಡುಗಿ ಕಣ್ಣು ತಪ್ಪಿಸಿದಳು. ಆಮೇಲೆ ಮೆಲ್ಲಗೆ ಅಂದಳು. "ಪಾಂಡವಪುರದ ಚೈತ್ರಂದು ಅಕ್ಕ. ನಮ್ಮ ದೊಡ್ಡಮ್ಮನ ಮಗಳು. ಇದರ ಅಳತೆಗೇ ಹೊಲೀರಿ. ಮದ್ವೆ ಒತ್ಗೆ ನಂಗೆ ಸರಿ ಓಯ್ತದೆ."

"ಈಗ ಆಗದೇ ಇರೋದು ಆಗ ಎಂಗೆ ಸರಿ ಓಯ್ತದೆ?"

"ನಾನು ಆಗೋ ಅಂಗೆ ಮಾಡ್ಕತೀನಿ."

ಫೋನು ತೆಗೆದು ತೋರಿಸಿದಳು. ಯಾರೋ ಮದುಮಗಳು, ಮೈಗೆ ಅಂಟಿದ ಬ್ಲೌಸು, ಮುಷ್ಟಿಯಷ್ಟು ಸೊಂಟ, ಸುತ್ತ ತಿರುಗುತ್ತಾಳೆ. ಅದು ಮುಗಿದರೆ ಇನ್ನೊಬ್ಬಳು. ಅವಳಾದರೆ ಮತ್ತೊಬ್ಬಳು. ಎಲ್ಲರಿಗೂ ಒಂದೇ ಸೊಂಟ! ಅನುಶ್ರೀಯ ಬೆರಳು ಮಾತ್ರ ನಿಲ್ಲದೆ ಮೇಲೆ ತಳ್ಳುತ್ತಲೇ ಇತ್ತು.

ಅವಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಧಾರೆ ಸೀರೆಯ ತುಂಡು ಒಂದೇ ಇರುವುದು. ಚೈತ್ರನ ಅಳತೆಗೆ ಕತ್ತರಿಸಿದರೆ ಮತ್ತೆ ಕೂಡಿಸಲಾಗದು. ಕತ್ತರಿ ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ಕೊನೆಗೆ ಮಡಚಿ ಮೇಲಿನ ಹಲಗೆಯ ಮೇಲೆ ಇಟ್ಟುಬಿಟ್ಟೆ.

ಅವಳು ಬಂದು ಕೇಳಿದಾಗಲೆಲ್ಲ "ನಾಳೆ ಬಾವ್ವ" ಅಂದೆ. ನಾವು ಹೊಲಿಯುವವರು ನಾಳೆ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ ನೋಡಿ. ಅದೊಂದು ಅನುಕೂಲ.

ಆದರೆ ಬಂದಾಗಲೆಲ್ಲ ಹುಡುಗಿ ಬೇರೆಯೇ ಕಾಣುತ್ತಿದ್ದಳು. ಕೆನ್ನೆ ಒಳಗೆ ಹೋಯಿತು. ನಗು ಹೋಯಿತು. ಬಾಚಣಿಗೆಯಲ್ಲಿ ಕೂದಲು ಕಂತೆಕಂತೆ ಬರುತ್ತಿದೆ ಅಂದಳು. ಬಾಗಿಲಲ್ಲಿ ನಿಂತರೆ ಚೌಕಟ್ಟು ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ "ಅಕ್ಕ, ಒಂಚೂರು ಕೆಂಪು ದಾರ ಕೊಡಿ" ಅಂತ ಕೇಳಿದಳು. ಕೊಟ್ಟೆ. ಇನ್ನೊಂದು ದಿನ ನೀರು ಕುಡಿಯಲು ಲೋಟ ಎತ್ತಿದಾಗ ಕಣ್ಣಿಗೆ ಬಿತ್ತು. ಅಪ್ಪನೇ ಮಾಡಿದ ನಿಶ್ಚಿತಾರ್ಥದ ಉಂಗುರದ ಒಳಗೆ, ಅಂಗೈ ಕಡೆಗೆ, ನಾನು ಕೊಟ್ಟ ಕೆಂಪು ದಾರ ಸುತ್ತಿದ್ದಾಳೆ! ಬೆರಳು ಸಣ್ಣಗಾಗಿ ಉಂಗುರ ಜಾರುತ್ತಿದೆ. ಅಕ್ಕಸಾಲಿಯ ಮಗಳು, ಅಪ್ಪನಿಗೆ ಹೇಳಿದರೆ ಸರಿ ಮಾಡಿಕೊಡುತ್ತಾನೆ. ಆದರೆ ಹೇಳಿದರೆ ಯಾಕೆ ಸಡಿಲವಾಯಿತು ಅಂತ ಕೇಳುತ್ತಾನಲ್ಲ. ಅದಕ್ಕೇ ಈ ದಾರ.

ಯಾ ಅಲ್ಲಾ! ಅಂಗಡಿಗೆ ಅರ್ಧ ಬಾಗಿಲು ಎಳೆದು ನೆಟ್ಟಗೆ ಅವರ ಮನೆಗೆ ಹೋದೆ. ಮಂಜುನಾಥಣ್ಣ ಮೈಸೂರಿಗೆ ಹೋಗಿದ್ದ. ಅವನ ಹೆಂಡತಿ ಜಯಲಕ್ಷ್ಮಮ್ಮ ಅಕ್ಕಿ ಆರಿಸುತ್ತಿದ್ದಳು.

"ಬಾ ಯಾಸ್ಮೀನ, ಕೂತ್ಕೊ. ಬ್ಲೌಸ್ ಆಯ್ತಾ?"

"ಬ್ಲೌಸ್ ಅತ್ಲಾಗಿರ್ಲಿ ಜಯಕ್ಕ. ಮಗು ಊಟ ಮಾಡ್ತದಾ?"

"ಒಂಚೂರು ಕಮ್ಮಿ ಮಾಡವ್ಳೆ. ಮದ್ವೆ ಎಣ್ಣು ಕಣೇ, ಸಣ್ಗಾದ್ರೆ ಚೆಂದ ಅಲ್ವಾ? ನಿಶ್ಚಿತಾರ್ಥದಲ್ಲಿ ಗಂಡಿನ ಸೋದರತ್ತೆ ಏನಂದ್ಲು ಗೊತ್ತಾ? 'ಎಣ್ಣು ಸ್ವಲ್ಪ ದುಂಡಗವ್ಳೆ' ಅಂದ್ಬುಟ್ಲು. ನಂಗೆ ಅನ್ನ ಇಳೀಲಿಲ್ಲ."

"ನಿನಗೆ ಒಂದಿನ ಇಳೀಲಿಲ್ಲ. ಅವಳಿಗೆ ದಿನಾ ಇಳೀತಾ ಇಲ್ಲ."

"ಅಯ್ಯೋ, ಒಂದೊತ್ತು ಬುಟ್ರೆ ಯಾರೂ ಸಾಯಕಿಲ್ಲ ಬುಡು. ನಾವು ಉಪಾಸ ಮಾಡಕಿಲ್ವಾ? ನೀವು ರೋಜಾ ಇರಕಿಲ್ವಾ?"

"ರೋಜಾ ಸಂಜೆಗೆ ಮುಗೀತದೆ ಅಕ್ಕ. ಇವಳದು ಯಾವ ಸಂಜೆಗೆ ಮುಗೀತದೆ?"

ಜಯಕ್ಕನಿಗೆ ಸಿಟ್ಟು ಬಂತು. ಮೊರ ಕುಕ್ಕಿದಳು. "ಆಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಏಳವ್ರೆ. ಈಗಿನ ಕಾಲ ಎಂಗದೋ ಅಂಗೆ ನಾವಿರ್ಬೇಕು."

ನನಗೂ ತಡೆಯಲಾಗಲಿಲ್ಲ. "ಆಸಿಗೆ ಚಿಕ್ಕದಾದ್ರೆ ಕಾಲು ಮಡಚ್ಕಬೋದು ಜಯಕ್ಕ. ಕಾಲೇ ಕತ್ತರಿಸ್ಕತಾರಾ?"

"ನೀನು ಒಲಿಯೋದು ನೋಡ್ಕೊ ತಾಯಿ, ಊರ ಚಿಂತೆ ನಿಂಗ್ಯಾಕೆ?" ಅಂದಳು. ಎದ್ದು ಬಂದೆ. ಉಂಗುರದ ದಾರದ ಮಾತು ಬಾಯಿಗೆ ಬಂದಿತ್ತು, ಆ ಸಿಟ್ಟಿನಲ್ಲಿ ಹೇಳಲೇ ಇಲ್ಲ. ಆ ದಿನ ಹೊಲಿದದ್ದೆಲ್ಲ ಸೊಟ್ಟ. ದಾರ ಕಡಿಯುತ್ತದೆ, ಸೂಜಿ ಮುರಿಯುತ್ತದೆ, ಮನಸ್ಸು ಮಾತ್ರ ಆ ಹುಡುಗಿಯ ಹಿಂದೆಯೇ ಓಡುತ್ತದೆ.

ಮಾರನೆಯ ದಿನ ಮಧ್ಯಾಹ್ನ ಅನುಶ್ರೀಯೇ ಬಂದಳು. ಹಲಗೆಯ ಮೇಲೆ ಮಡಚಿಟ್ಟ ರೇಷ್ಮೆ ಅವಳ ಕಣ್ಣಿಗೆ ಬಿತ್ತು.

"ಇನ್ನೂ ಕತ್ತರಿಸೇ ಇಲ್ವಾ? ಇಷ್ಟು ದಿನ ಸುಳ್ಳು ಏಳಿದ್ರಾ ಅಕ್ಕ?"

"ಹೂಂ ಕಣೇ, ಸುಳ್ಳೇ. ನಿನ್ನ ಅಳತೆ ಎಲ್ಲಿ ಕೊಟ್ಟಿದ್ದೀಯ? ಚೈತ್ರನ ಅಳತೆಗೆ ಒಲಿದ್ರೆ ಚೈತ್ರನ್ನೇ ಹಸೆಮಣೆ ಮೇಲೆ ಕೂರಿಸ್ತೀರಾ?"

"ನನ್ನ ಮೈ ನಂಗೇ ನೋಡಕ್ಕಾಗಲ್ಲ ಅಕ್ಕ. ಅಂಗಡೀಲಿ ಗೊಂಬೆ ಮೇಲೆ ಎಷ್ಟು ಚೆಂದ ಕೂತಿರ್ತದೆ. ನನ್ನ ಮೈ ಮೇಲೇ ಯಾಕೆ ಕೂರಲ್ಲ?"

"ಗೊಂಬೆ ಮೇಲಾ? ಬಾ ಇಲ್ಲಿ."

ಕೈ ಹಿಡಿದು ಎದುರುಗಡೆ ನನ್ನ ತಮ್ಮ ಮುಸವ್ವಿರನ ರೆಡಿಮೇಡ್ ಅಂಗಡಿಗೆ ಕರೆದುಕೊಂಡು ಹೋದೆ. ಮುಂದುಗಡೆ ಗಾಜಿನ ಹಿಂದೆ ಒಂದು ಗೊಂಬೆ. ಅನುಶ್ರೀ ಫೋನಿನಲ್ಲಿ ತೋರಿಸುತ್ತಿದ್ದಂಥದೇ ಬ್ಲೌಸು, ಕೆಳಗೆ ಲಂಗ. ಒಂದು ಸುಕ್ಕೂ ಇಲ್ಲ.

"ಮುಸವ್ವಿರ್, ಆ ಗೊಂಬೆ ತಿರುಗಿಸು."

"ಕ್ಯಾ ಆಪಾ, ಗಿರಾಕಿ ಬರೋ ಟೈಮು…"

"ತಿರುಗಿಸು ಅಂದೆ!"

ತಿರುಗಿಸಿದ. ಗೊಂಬೆಯ ಬೆನ್ನ ತುಂಬ ಗುಂಡುಸೂಜಿ. ಸೊಂಟದ ಹತ್ತಿರ ಬಟ್ಟೆಯನ್ನು ಹಿಂದಕ್ಕೆ ಎಳೆದು, ಒಗೆದ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಾನೆ. ಹಿಂದೆ ನೋಡಿದರೆ ಬಟ್ಟೆಯಲ್ಲ, ಗಂಟು.

ಅನುಶ್ರೀ ಬಾಯಿ ಬಿಟ್ಟು ನೋಡಿದಳು. ಮುಸವ್ವಿರ್ ತಲೆ ಕೆರೆದುಕೊಂಡು, "ಯಾವ ಡ್ರೆಸ್ಸೂ ಗೊಂಬೆಗೆ ಸರಿಯಾಗಿ ಕೂರಲ್ಲ ಕಣಮ್ಮ. ಹಿಂದೆ ಎಳೆದು ಪಿನ್ ಹಾಕ್ತೀವಿ, ಮುಂದೆ ಚೆಂದ ಕಾಣ್ಸ್ತದೆ" ಅಂದ.

"ನೋಡ್ದಾ?" ಅಂದೆ. "ಪ್ಲಾಸ್ಟಿಕ್ ಮೈಗೇ ಆಗದ ಬಟ್ಟೆ, ಅನ್ನ ತಿನ್ನೋ ಮೈಗೆ ಆಗ್ಬೇಕಾ? ನಿನ್ನ ಫೋನಲ್ಲಿ ತಿರುಗೋರ್ದೂ ಇಷ್ಟೇ. ಹಿಂದೆ ಪಿನ್ನು, ಮೇಲೆ ಫಿಲ್ಟರು. ಅವರು ನಮಗೆ ಮುಂದ್ಗಡೆ ಮಾತ್ರ ತೋರಿಸ್ತಾರೆ."

"ಚೈತ್ರಂಗೆ ಯಾರೂ ಪಿನ್ ಹಾಕಿಲ್ವಲ್ಲಕ್ಕ…"

"ಚೈತ್ರನ ಮೂಳೆ ಚೈತ್ರಂದು, ನಿನ್ನ ಮೂಳೆ ನಿಂದು ಬೇಟಾ. ಅವಳು ಅವಳ ಮೈಲಿ ಚೆಂದ. ನೀನು…"

ನನ್ನ ಮಾತು ಮುಗಿಯಲಿಲ್ಲ. ಹುಡುಗಿಯ ಮುಖ ಬೆಳ್ಳಗಾಯಿತು. ಗೊಂಬೆಯನ್ನು ಹಿಡಿದುಕೊಳ್ಳಲು ಹೋಗಿ ಗೊಂಬೆಯ ಸಮೇತ ಕೆಳಗೆ ಬಿದ್ದಳು. ನಾನು ಕೈ ಹಿಡಿದು ಎಳೆದರೆ ಕೈ ಜಾರಿತು, ಉಂಗುರ ಮಾತ್ರ ನನ್ನ ಅಂಗೈಯಲ್ಲಿ ಉಳಿಯಿತು.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಗ್ಲೂಕೋಸ್ ಹಾಕಿದರು. ಎಚ್ಚರವಾದ ಮೇಲೆ ಹುಡುಗಿ ಎಲ್ಲ ಬಾಯಿಬಿಟ್ಟಳು. ಬೆಳಗ್ಗೆ ನಿಂಬೆ ನೀರು, ಮಧ್ಯಾಹ್ನ ಎರಡು ತುಂಡು ಸೌತೆಕಾಯಿ, ರಾತ್ರಿ ಫೋನಿನಲ್ಲಿ ನೋಡಿ ತರಿಸಿದ ಯಾವುದೋ ಪೌಡರು.

"ರಕ್ತ ಬಹಳ ಕಮ್ಮಿಯಾಗಿದೆ. ಇನ್ನೂ ಹೀಗೇ ಬಿಟ್ಟಿದ್ದರೆ ಜೀವಕ್ಕೇ ಅಪಾಯ ಆಗ್ತಿತ್ತು" ಅಂದರು ಡಾಕ್ಟರಮ್ಮ. ಪೌಡರಿನ ಡಬ್ಬಿ ತರಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಏನಿದೆ ಅಂತ ನನಗೇ ಗೊತ್ತಾಗ್ತಿಲ್ಲ. ನೀನು ಯಾವ ಧೈರ್ಯದ ಮೇಲೆ ಕುಡಿದೆ ಮಗು?"

ಅಷ್ಟೊತ್ತಿಗೆ ಮಂಜುನಾಥಣ್ಣ, ಜಯಕ್ಕ ಓಡಿ ಬಂದರು. ನಾನು ಉಂಗುರವನ್ನು ಮಂಜುನಾಥಣ್ಣನ ಕೈಗೆ ಇಟ್ಟೆ. ಅವನು ಬೆಳಕಿಗೆ ಹಿಡಿದ. ಒಳಗಿನ ದಾರ ನೋಡಿದ. ಮಗಳ ಬೆರಳು ನೋಡಿದ.

"ನಿನ್ನ ಬೆರಳು ಅಳದು ಮಾಡಿದ ಉಂಗ್ರ ಕಣವ್ವ ಇದು" ಅಂದ. "ಚಿನ್ನ ಕೆಟ್ರೆ ಕರಗಿಸಿ ಮತ್ತೆ ಮಾಡ್ತೀನಿ. ನಿನ್ನ ಕಳ್ಕಂಡ್ರೆ ಯಾವ ಮೂಸೇಲಿ ಮಾಡ್ಲವ್ವ?"

ಜಯಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. "ಆ ಸೋದರತ್ತೆ ಒಂದು ಸಲ ಅಂದ್ಲು. ನಾನು ದಿನಾ ಅಂದೆ. ತಟ್ಟೆ ಮುಂದೆ ಕೂತಾಗ್ಲೆಲ್ಲ ಅಂದೆ" ಅಂತ ಅತ್ತಳು. ನನ್ನ ಕೈ ಹಿಡಿದುಕೊಂಡು, "ನೀನು ಏಳ್ದಾಗ ಕೇಳ್ಬೇಕಾಗಿತ್ತು ಕಣೇ" ಅಂದಳು. ನನಗೂ ಅಳು ಬಂತು, ಬಿಡಿ.

ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ, ಹೊತ್ತುಹೊತ್ತಿಗೆ ತಿನ್ನಬೇಕು ಅಂದರು. ಹುಡುಗಿಯ ಮನಸ್ಸಿಗೂ ಆರೈಕೆ ಬೇಕು ಅಂತ ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾದೀತು. ಮೊದಮೊದಲು ತುತ್ತು ಎತ್ತಿದರೆ ಅಳುತ್ತಿದ್ದಳು. ಜಯಕ್ಕ ಪಕ್ಕದಲ್ಲೇ ಕೂತು, ಮೈ ಮಾತು ಎತ್ತದೆ, ಬೇರೆ ಊರಿನ ಕಥೆಯೆಲ್ಲ ಹೇಳುತ್ತ ಉಣ್ಣಿಸಿದಳು. ಚೈತ್ರ ಪಾಂಡವಪುರದಿಂದ ಬಂದು ತನ್ನ ಬ್ಲೌಸು ತೆಗೆದುಕೊಂಡು ಹೋದಳು. ಹೋಗುವಾಗ, "ನನ್ನ ಫೋಟೋಗೂ ನಾನು ಸೊಂಟ ಸಣ್ಣ ಮಾಡಿ ಹಾಕ್ತೀನಿ ಕಣೇ, ಪೆದ್ದಿ" ಅಂದಳಂತೆ!

ಮದುವೆ ಹತ್ತಿರ ಬಂದಾಗ ಅನುಶ್ರೀ ನನ್ನ ಅಂಗಡಿಗೆ ಬಂದಳು. ಈ ಸಲ ಕೈಯಲ್ಲಿ ಅಳತೆ ಬ್ಲೌಸು ಇರಲಿಲ್ಲ. ಟೇಪು ತೆಗೆದು ಸೊಂಟಕ್ಕೆ ಸುತ್ತಿದೆ. ತಕ್ಷಣ ಹೊಟ್ಟೆ ಒಳಗೆ ಎಳೆದುಕೊಂಡಳು.

"ಉಸಿರು ಬಿಡು."

"ಬಿಟ್ಟೆ ಅಕ್ಕ."

"ಸುಳ್ಳು. ನಾನು ಕಾಯ್ತೀನಿ, ನಂಗೇನು ಅವಸರ ಇಲ್ಲ."

ಟೇಪು ಹಿಡಿದು ಸುಮ್ಮನೆ ನಿಂತೆ. ಅವಳೂ ನಿಂತಳು. ತುಟಿ ಕಚ್ಚಿದಳು, ಕಣ್ಣು ಮುಚ್ಚಿದಳು. ಆಮೇಲೆ ಒಮ್ಮೆಲೇ ಉಸಿರು ಬಿಟ್ಟಳು. ಜೊತೆಗೆ ಅಳುವೂ ಬಂತು, ನಗುವೂ ಬಂತು. ಎಷ್ಟೋ ದಿನದ ಮೇಲೆ ಆ ನಗು ಬೀದಿಗೆಲ್ಲ ಕೇಳಿಸಿತು. ಆಗ ಅಳತೆ ತೆಗೆದುಕೊಂಡು ರೇಷ್ಮೆಗೆ ಕತ್ತರಿ ಹಾಕಿದೆ. ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟೆ. ಹುಡುಗಿ ಇನ್ನೂ ತುಂಬಿಕೊಳ್ಳಲಿ ಅಂತ.

ಮದುವೆಯ ದಿನ ಗಂಡಿನ ಸೋದರತ್ತೆ ಮತ್ತೆ ಸಿಕ್ಕಳು. "ಎಣ್ಣು ಇನ್ನೂ ಅಂಗೇ ದುಂಡಗವ್ಳಲ್ಲ" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಜಯಕ್ಕ ಮುಂದೆ ಬಂದಳು.

"ಊಂ ಕಣಮ್ಮ, ದೇವ್ರ ದಯೆಯಿಂದ ಅಂಗೇ ಅವ್ಳೆ" ಅಂದಳು. ಅಷ್ಟೇ ಅಂದಳು.

ಮಂಜುನಾಥಣ್ಣ ಉಂಗುರವನ್ನು ಸಣ್ಣ ಮಾಡಿರಲಿಲ್ಲ. "ಉಂಗ್ರ ಅಂಗೇ ಇರ್ಲಿ, ನನ್ನ ಮಗಳ ಬೆರಳೇ ತುಂಬ್ಕಳ್ಳಿ" ಅಂದಿದ್ದ. ಧಾರೆಯಾದ ಮೇಲೆ ನಾನು ಅವಳ ಕೈ ತಿರುಗಿಸಿ ನೋಡಿದೆ. ಒಳಗೆ ದಾರ ಇರಲಿಲ್ಲ.

ಅಕ್ಕಂದಿರೇ, ತಂಗಿಯರೇ, ಹೊಸ ಫ್ಯಾಶನ್ ತೊಡಿ, ಬೇಡ ಅನ್ನುವುದಿಲ್ಲ. ಆದರೆ ಬಟ್ಟೆ ಆಗದಿದ್ದರೆ ತಪ್ಪು ಬಟ್ಟೆಯದು, ನಿಮ್ಮದಲ್ಲ. ತೂಕದ ಚಿಂತೆ ಇದ್ದರೆ ಡಾಕ್ಟರನ್ನು ಕೇಳಿ, ಫೋನನ್ನು ಕೇಳಬೇಡಿ. ಮನೆಯ ಹುಡುಗಿ, ಹುಡುಗ ಯಾರೇ ಆಗಲಿ, ಊಟ ತಪ್ಪಿಸುತ್ತಿದ್ದರೆ, ಕನ್ನಡಿ ಮುಂದೆ ಅಳುತ್ತಿದ್ದರೆ ತಮಾಷೆ ಮಾಡಬೇಡಿ. ಕೂರಿಸಿ ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದುಂಡಗೆ, ಸಣ್ಣಗೆ, ಕಪ್ಪಗೆ ಅಂತ ತಟ್ಟೆಯ ಮುಂದೆ ಕೂತ ಮಕ್ಕಳಿಗೆ ಅನ್ನಲೇಬೇಡಿ.

ಮತ್ತೆ ನನ್ನ ಅಂಗಡಿಗೆ ಬರುವವರು ಬೇರೆಯವರ ಬ್ಲೌಸು ತರಬೇಡಿ. ಊಟ ಮಾಡಿ ಬನ್ನಿ. ಉಸಿರು ಬಿಟ್ಟು ನಿಲ್ಲಿ. ಅಳತೆ ನಾನು ತೆಗೆದುಕೊಳ್ಳುತ್ತೇನೆ.