ಬಾಗಿಲು ಬಿಡದ ಅಜ್ಜಿ

ಆ ಆಟ ಕೆಟ್ಟದ್ದು ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಹಳ ಒಳ್ಳೆಯದು ಎಂದು ಹೊಗಳಿದರೂ ಉರಿಯುತ್ತದೆ, ಏಕೆಂದರೆ ಅದರಲ್ಲಿ ತಪ್ಪುಗಳಿಗೇನೂ ಬರವಿರಲಿಲ್ಲ. ಇಡೀ ಜಗತ್ತಿನಲ್ಲಿ ಅದನ್ನು ಆಡಿದವರು ಮೂರೇ ಜನ. ಅವರಲ್ಲಿ ನಾನೊಬ್ಬಳು. ಹಾಗಾಗಿ ಅದರ ಬಗ್ಗೆ ಮಾತಾಡುವ ಹಕ್ಕು ನನಗಿದೆ.

೧೯೭೮ನೆಯ ಇಸವಿ. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ನೌಕರಿ, ಹುಬ್ಬಳ್ಳಿಯಿಂದ ಕಾಶಿಗೆ ವರ್ಗವಾಗಿತ್ತು. ಭೇಲೂಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನಗೆ ಇಪ್ಪತ್ತಾರು ವರ್ಷ, ಹಿಂದಿ ಎಂದರೆ ಎಷ್ಟು ಎನ್ನಲು 'ಕಿತನಾ', ಸಾಕು ಎನ್ನಲು 'ಬಸ್', ಎರಡೇ ಶಬ್ದ. ಸತ್ಯಭಾಮಾ ಪುಣ್ಯವಂತೆ, ಕಾಶಿಯಲ್ಲೇ ಸಂಸಾರ ಹೂಡಿದಳು ಎಂದು ಊರವರೆಲ್ಲ ಹೊಗಳುತ್ತಿದ್ದರಂತೆ. ಪುಣ್ಯವಂತೆ ಇಲ್ಲಿ ಮಧ್ಯಾಹ್ನವಿಡೀ ಗೋಡೆಯ ಜೊತೆ ಕನ್ನಡ ಮಾತಾಡುತ್ತ ಕೂತಿರುತ್ತಿದ್ದಳು.

ಭಾನುವಾರ ಬೆಳಿಗ್ಗೆ ಮಾತ್ರ ನನ್ನ ಬಾಯಿಗೆ ಬಿಡುಗಡೆ. ಅಸ್ಸಿ ಘಾಟಿನ ಮೆಟ್ಟಿಲ ಹತ್ತಿರ ಒಂದು ಚಹದಂಗಡಿ, ಅಲ್ಲಿಗೆ ನಾವು ಕೆಲವರು ಕನ್ನಡದವರು ಸೇರುತ್ತಿದ್ದೆವು. ಯಜಮಾನರು ಒಂದು ಮೂಲೆಯಲ್ಲಿ ಪೇಪರ್ ಓದುತ್ತಿದ್ದರು. ಚನ್ನಬಸಪ್ಪನವರು ಬ್ಯಾಂಕಿನ ಅಧಿಕಾರಿ, ರೋಣದ ಕಡೆಯವರು, ಐವತ್ತರ ಹತ್ತಿರ. ಕಂಡದ್ದರಲ್ಲೆಲ್ಲ ತಪ್ಪು ತೆಗೆಯುವುದು ಅವರಿಗೆ ವ್ಯಾಯಾಮವಿದ್ದಂತೆ, ದಿನಕ್ಕೊಮ್ಮೆ ಆಗಲೇಬೇಕು. ದಾನಯ್ಯ ಜಂಗಮರ ಮಠದಲ್ಲಿದ್ದು ಸಂಸ್ಕೃತ ಓದುತ್ತಿದ್ದವನು, ಯಾರನ್ನೂ ಬೈಯಲು ಬಾರದ ಸಾಧು. ಇನ್ನೊಬ್ಬ ಮಹಾದೇವ. ಕಾಶಿಯಲ್ಲೇ ಲಂಕಾ ಎಂಬ ಪೇಟೆಯಿದೆ, ಅದರಾಚೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಅವನಿಗೆ ಕೆಲಸ. ಮಾತು ಕಡಿಮೆ. ಆಟ ಬರೆದವನು ಅವನೇ.

ಆಟದ ಹೆಸರು 'ಪಾಳುಕೋಟೆ'. ಈಗಿನ ಹಾಗೆ ಬಣ್ಣ, ಚಿತ್ರ, ಗುಂಡಿನ ಸದ್ದು ಏನೂ ಇಲ್ಲ. ಬರೀ ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದ ಕನ್ನಡ. ನೀನು ಒಂದು ಕೋಟೆಯ ಮುಂದೆ ನಿಂತಿದ್ದೀಯ, ಒಳಗೆಲ್ಲೋ ನಿಧಿಯಿದೆ, ಈಗ ಏನು ಮಾಡುತ್ತೀ ಎಂದು ಯಂತ್ರ ಕೇಳುತ್ತದೆ. ಆ ಯಂತ್ರದ ಕೋಣೆಗೆ ನಮಗೆಲ್ಲಿಯ ಪ್ರವೇಶ? ಅದಕ್ಕೆ ನಾವು ಆಡುತ್ತಿದ್ದುದು ಚೀಟಿಯಲ್ಲಿ. ಒಬ್ಬೊಬ್ಬರಿಗೆ ವಾರಕ್ಕೆ ಇಪ್ಪತ್ತು ಮಾತು: 'ಮುಂದೆ', 'ಎಡಕ್ಕೆ', 'ದೀಪ ತಗೋ', ಹೀಗೆ. ಮಹಾದೇವ ಡ್ಯೂಟಿ ಮುಗಿದ ಮೇಲೆ ಒಂದೊಂದು ಮಾತಿಗೆ ಒಂದೊಂದು ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುತ್ತಿದ್ದ. ಆಟವನ್ನೂ ಅವನು ಅಂಥ ಕಾರ್ಡುಗಳಲ್ಲೇ ಬರೆದಿಟ್ಟಿದ್ದ. ಉತ್ತರ ಎರಡೂ ಅಂಚಿನಲ್ಲಿ ತೂತಿರುವ ಉದ್ದನೆಯ ಕಾಗದದಲ್ಲಿ ಅಚ್ಚಾಗಿ ಮುಂದಿನ ಭಾನುವಾರ ನಮ್ಮ ಕೈಗೆ ಬರುತ್ತಿತ್ತು.

ಒಂದು ವಾರ ನಾನು ಮೂರನೆಯ ಮಾತಿಗೇ ಬಾವಿಗೆ ಬಿದ್ದೆ. ಉಳಿದ ಹದಿನೇಳು ಮಾತಿಗೂ ಯಂತ್ರ 'ನೀನು ಸತ್ತಿದ್ದೀಯ' ಎಂದು ಹದಿನೇಳು ಸಲ ಅಚ್ಚು ಹಾಕಿ ಕಳಿಸಿತು. ಏಳು ದಿನ ಕಾದಿದ್ದಕ್ಕೆ ಬಂದ ಮರ್ಯಾದೆ ಅದು! ಚನ್ನಬಸಪ್ಪನವರು ಅದನ್ನು ಗಟ್ಟಿಯಾಗಿ ಹದಿನೇಳು ಸಲ ಓದಿದರು. ನಾನು ಮುಖ ಊದಿಸಿಕೊಂಡು ಮನೆಗೆ ಹೋದೆ, ಮತ್ತು ದಾರಿಯಲ್ಲೇ ಹೊಸ ಚೀಟಿ ಬರೆಯತೊಡಗಿದೆ.

ಬಾವಿ, ಹಾವು, ಕತ್ತಲೆಯ ಸುರಂಗ, ಎಲ್ಲವನ್ನೂ ನಾಲ್ಕು ತಿಂಗಳಲ್ಲಿ ಮೂವರೂ ದಾಟಿದೆವು. ಸಿಕ್ಕಿಬಿದ್ದದ್ದು ಅಜ್ಜಿಯ ಹತ್ತಿರ. ಸುರಂಗದಾಚೆ ಒಂದು ಸಣ್ಣ ಮನೆ, ಒಲೆಯ ಮುಂದೆ ಒಬ್ಬ ಅಜ್ಜಿ, ಅವಳ ಹಿಂದೆ ಒಂದು ಬಾಗಿಲು. "ಬಾರಪಾ. ಊಟ ಆತೇನು?" ಎಂದು ಕೇಳುತ್ತಾಳೆ. ಆಯ್ತು ಎಂದು ಬರೆದರೆ "ಹಂಗಾದ್ರ ಹುಷಾರಾಗಿ ಹೋಗಿ ಬಾ" ಎನ್ನುತ್ತಾಳೆ, ನೀವು ಮತ್ತೆ ಸುರಂಗದ ಬಾಯಲ್ಲಿರುತ್ತೀರಿ. ದೀಪ ಕೊಟ್ಟು ನೋಡಿದೆವು, ಕತ್ತಿ ತೋರಿಸಿ ನೋಡಿದೆವು. ದಾನಯ್ಯ ನಮಸ್ಕಾರ ಮಾಡಿದ. ಅಜ್ಜಿ "ನೂರು ವರ್ಷ ಬಾಳು" ಎಂದಳೇ ಹೊರತು ಬಾಗಿಲು ಬಿಡಲಿಲ್ಲ. ಚನ್ನಬಸಪ್ಪನವರು 'ಅಜ್ಜಿಯನ್ನು ತಳ್ಳು' ಎಂದೇ ಬರೆದರು. ಅದಕ್ಕೆ ಅಜ್ಜಿ "ಯಾಕೋ ತಮ್ಮಾ, ಮೈಯಾಗ ಹುಷಾರಿಲ್ಲೇನು?" ಎಂದಳು.

ಅಲ್ಲಿಂದ ಜಗಳ ಶುರುವಾಯಿತು.

"ಇದು ಆಟದ ದೋಷ," ಎಂದರು ಚನ್ನಬಸಪ್ಪ. "ಬಾವಿಗೆ ಒಂದು ಉಪಾಯ ಐತಿ, ಹಾವಿಗೆ ಒಂದು ಉಪಾಯ ಐತಿ. ಈ ಮುದುಕಿಗೆ ಏನೈತಿ? ಎರಡು ತಿಂಗಳಾತು, ಬರೇ ಊಟ ಆತೇನು, ಊಟ ಆತೇನು!"

"ಆದ್ರ ಇಡೀ ಕೋಟಿಯೊಳಗ ಮಾತಾಡೋದು ಅಕಿ ಒಬ್ಬಾಕಿನ ಅಲ್ರೀ," ಎಂದ ದಾನಯ್ಯ. "ಉಳಿದದ್ದೆಲ್ಲಾ ಕಲ್ಲು, ಕತ್ತಲಿ. ಅಕಿ ಮನಿಗೆ ಹೋದಾಗ ನನಗ ಸಮಾಧಾನ ಆಗ್ತೈತಿ."

"ಸಮಾಧಾನಕ್ಕ ಗಂಗಿ ಐತಿ. ನನಗ ನಿಧಿ ಬೇಕು."

ಚಹದಂಗಡಿಯವನಿಗೂ ವಿಷಯ ಗೊತ್ತಾಗಿಬಿಟ್ಟಿತ್ತು. ಚಹದ ಮಣ್ಣಿನ ಕುಲ್ಹಡ್ ಕೈಗಿಡುತ್ತ, "ಕಾ ಬಹಿನ್‌ಜೀ, ಬುಢಿಯಾ ಮನಲೀ ಕಿ ನಾ?" ಎಂದು ಕೇಳುವನು. ಮುದುಕಿ ಒಪ್ಪಿದಳೋ ಇಲ್ಲವೋ ಎಂದು ಕಾಶಿಯಲ್ಲಿ ನನ್ನನ್ನು ಕೇಳುವವನೊಬ್ಬ ಇದ್ದಾನಲ್ಲ ಎಂದು ನನಗೆ ಖುಷಿಯಾಗುತ್ತಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನಾನೂ ಚನ್ನಬಸಪ್ಪನವರ ಪಕ್ಷವೇ. ಆ ಅಜ್ಜಿಯ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು.

ಫೆಬ್ರುವರಿಯ ಒಂದು ಭಾನುವಾರ ಚನ್ನಬಸಪ್ಪನವರು ತೀರ್ಮಾನ ಹೇಳಿಬಿಟ್ಟರು. "ಮಹಾದೇವ, ಆ ಅಜ್ಜೀನ ತಗದುಬಿಡು. ತಗಿಯಂಗಿಲ್ಲ ಅಂದ್ರ ನಾ ಇನ್ನ ಚೀಟಿ ಬರಿಯಂಗಿಲ್ಲ."

ಮಹಾದೇವ ಕುಲ್ಹಡ್ ಕೆಳಗಿಟ್ಟ. "ಆತ್ರಿ," ಎಂದ. "ಯಾರೂ ದಾಟಲಾರದ ಬಾಗಿಲಾ ಇಟ್ಟದ್ದು ನನ್ನದ ತಪ್ಪು. ಇದೊಂದು ವಾರ ನೋಡ್ರಿ. ಬರೂ ಐತವಾರದ ಹೊತ್ತಿಗೂ ಯಾರೂ ದಾಟಲಿಲ್ಲಂದ್ರ ಅಕಿ ಕಾರ್ಡೆಲ್ಲಾ ಕಿತ್ತು ಒಗೀತೀನಿ."

ಅವನು ಹೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಎದ್ದು ಹೊರಟವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ. ಕೋಟೆಯ ಬೇರೆ ಮಾತೆಲ್ಲ ಪುಸ್ತಕದ ಕನ್ನಡ. ಅಜ್ಜಿಯೊಬ್ಬಳದು ನಮ್ಮ ಕಡೆಯ ಆಡುಮಾತು. ಅದು ಎಷ್ಟೋ ದಿನದಿಂದ ನನ್ನ ತಲೆಯಲ್ಲಿತ್ತು. "ಆ ಅಜ್ಜಿ ಮಾತು ಯಾರದು ಮಹಾದೇವ?" ಎಂದೆ.

"ನಮ್ಮ ಅವ್ವಂದ್ರಿ ಅಕ್ಕಾರ. ನೀಲಗಂಗಮ್ಮ ಅಂತ. ತೀರಿಕೊಂಡು ಎರಡು ವರ್ಷಾತು."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಎರಡು ತಿಂಗಳಿಂದ ಅವನೆದುರೇ ಅವನ ತಾಯಿಯನ್ನು ಮುದುಕಿ, ಪೀಡೆ ಎಂದು ಬೈದಿದ್ದೆವಲ್ಲ! "ಅಯ್ಯೋ, ಹೇಳಬಾರದಾ? ಚನ್ನಬಸಪ್ಪನವರಿಗೆ ಈಗ ಹೇಳ್ತೀನಿ, ಅಜ್ಜೀನ ತಗಸೂದು ಬ್ಯಾಡ ಅಂತ," ಎಂದೆ.

"ಬ್ಯಾಡ್ರಿ. ಕನಿಕರಕ್ಕ ಉಳಿಸಿಕೊಂಡ್ರ ಅಕಿ ಉಳಿದಂಗಲ್ಲ. ಯಾರರೆ ಆಡಿ ದಾಟಬೇಕು."

"ಹಂಗಿದ್ರ ನನಗ ಉಪಾಯಾ ಹೇಳು."

"ಹೇಳಿಸಿಕೊಂಡು ಮಾಡಿದ್ದು ಬ್ಯಾಡ್ರಿ ಅಕ್ಕಾರ," ಎಂದು ಸೈಕಲ್ ಹತ್ತಿಬಿಟ್ಟ. ಏನು ಹಟಮಾರಿ ಮನುಷ್ಯನೋ! ಚೀಟಿಯನ್ನು ಗುರುವಾರ ಸಂಜೆಯೊಳಗೆ ಅವನಿಗೆ ಮುಟ್ಟಿಸಬೇಕಿತ್ತು.

ಸೋಮವಾರದಿಂದ ನಾನು ಮನುಷ್ಯಳಾಗಿರಲಿಲ್ಲ. ಹಳೆಯ ಕಾಗದಗಳನ್ನೆಲ್ಲ ನೆಲಕ್ಕೆ ಹಾಸಿ ಅಜ್ಜಿಯ ಒಂದೊಂದು ಮಾತನ್ನೂ ಓದಿದೆ. ಸಾರು ಸೀದುಹೋಯಿತು. ಯಜಮಾನರು ಮೊಸರನ್ನ ಉಂಡು ಡ್ಯೂಟಿಗೆ ಹೋದರು. ಒಲೆಗೆ ಕಟ್ಟಿಗೆ ಹಾಕು, ನೀರು ತಾ, ಕಾಲು ಒತ್ತು, ಏನೇನೋ ಬರೆದೆ, ಹರಿದೆ. ಯಾವುದೂ ಸರಿಯೆನಿಸಲಿಲ್ಲ. ನಾನು ಸೋತರೆ ಅವನ ಅವ್ವನನ್ನು ಅವನೇ ಕಿತ್ತು ಎಸೆಯುತ್ತಾನೆ ಎಂದು ನೆನೆದಾಗಲೆಲ್ಲ ಅಳು ಬರುತ್ತಿತ್ತು.

ಗುರುವಾರ ಮಧ್ಯಾಹ್ನ ಎರಡರ ಮೇಲೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಚನ್ನಬಸಪ್ಪನವರು. ಅವರ ಮನೆಯವರು ಅನ್ನದಾನಮ್ಮ ಮಗಳ ಬಾಣಂತನಕ್ಕೆಂದು ಗದಗಿಗೆ ಹೋಗಿದ್ದರು. ಮರಳಿ ಬರುವ ರೈಲಿನಲ್ಲಿ ಅವರಿಗೊಂದು ಸೀಟು ಕಾದಿರಿಸಲು ನಮ್ಮವರಿಗೆ ಹೇಳಿ ಎಂದು ಚೀಟಿ ತಂದಿದ್ದರು. ನಾನು ಎಂದಿನ ರೂಢಿಯಂತೆ, "ಊಟ ಆತೇನ್ರಿ?" ಎಂದೆ.

"ಆತ್ರಿ, ಆತ್ರಿ. ಈಗರೆ ಉಂಡು ಬಂದೆ," ಎಂದರು ಅವರು ಹೊಟ್ಟೆ ಸವರಿಕೊಳ್ಳುತ್ತ.

ಅಷ್ಟರಲ್ಲಿ ಆ ಹೊಟ್ಟೆ ಗುರ್ರ್ ಎಂದಿತು. ಮೂರು ಮಾರು ದೂರದಲ್ಲಿದ್ದ ನನಗೇ ಕೇಳಿಸುವಷ್ಟು ಜೋರಾಗಿ. ಅವರು ಮುಖ ಕೆಂಪಗೆ ಮಾಡಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ನಾನು ನಿಂತಲ್ಲೇ ನಿಂತೆ. ಈ ಮನುಷ್ಯ ಬೆಳಗಿನಿಂದ ಏನೂ ತಿಂದಿಲ್ಲ, ಮುಖವೇ ಹೇಳುತ್ತಿದೆ. ಆದರೂ ಆಯ್ತು ಅಂದರು. ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ. ಒಬ್ಬರ ಮನೆ ಬಾಗಿಲಲ್ಲಿ ನಿಂತು ನನಗೆ ಊಟವಾಗಿಲ್ಲ, ಹಾಕು ಎನ್ನುವುದು ನಮ್ಮ ಜನ್ಮದಲ್ಲಿ ಇಲ್ಲ. ದೀಪ ಕೊಟ್ಟೆವು, ಕತ್ತಿ ತೋರಿಸಿದೆವು, ತಳ್ಳಿಯೂ ನೋಡಿದೆವು. ಹಸಿವಾಗಿದೆ ಎಂದು ಮಾತ್ರ ಮೂವರಲ್ಲಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

"ಸುಳ್ಳು ಸಾಕು, ಕೂಡ್ರಿ!" ಎಂದು ಗದರಿ ತಾಟು ಹಾಕಿದೆ. ಅವರು ಬ್ಯಾಡ ಬ್ಯಾಡ ಎನ್ನುತ್ತಲೇ ಏಳು ಚಪಾತಿ ತಿಂದರು. ಅವರು ತಿನ್ನುತ್ತಿರುವಾಗ ಒಲೆಯ ಪಕ್ಕದಲ್ಲೇ ಕೂತು ಚೀಟಿ ಬರೆದೆ. ಅಜ್ಜಿಯ ಮನೆ ತಲುಪಲು ಹದಿನೈದು ಮಾತು, ಹದಿನಾರನೆಯದು 'ಇಲ್ಲ'. ಉಳಿದ ನಾಲ್ಕು 'ಬಾಗಿಲು ತೆರೆ', 'ಮುಂದೆ', 'ಮುಂದೆ', 'ನಿಧಿ ತಗೋ'. ಯಜಮಾನರು ಬಂದ ಕೂಡಲೇ ಚಹ ಕುಡಿಯಲೂ ಬಿಡದೆ ಲಂಕಾಕ್ಕೆ ಅಟ್ಟಿದೆ.

ಭಾನುವಾರ ಮಹಾದೇವ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಕಣ್ಣು ಕೆಂಪಾಗಿತ್ತು. ಕಾಗದ ನನ್ನ ಕೈಗಿಟ್ಟ. ನಾನು ಗಟ್ಟಿಯಾಗಿ ಓದಿದೆ:

"ಇಲ್ಲಾ? ಅಯ್ಯ ನನ ಕೂಸ, ಮೊದಲ ಹೇಳಬಾರದೇನು? ಕೈಕಾಲ ತೊಳಕೊ, ಬಾ. ಬಿಸಿ ರೊಟ್ಟಿ ಐತಿ, ಬದನಿಕಾಯಿ ಪಲ್ಯಾ ಐತಿ. ಶೇಂಗಾ ಚಟ್ನಿಗೆ ಮೊಸರು ಹಾಕ್ಲ್ಯಾ? ಸಾವಕಾಶ ಉಣ್ಣು. ಎಲ್ಲಿಗೂ ಓಡಿ ಹೋಗೂದು ಬ್ಯಾಡ."

ದಾನಯ್ಯ ಕೈಮುಗಿದುಬಿಟ್ಟ. ಚನ್ನಬಸಪ್ಪನವರು "ಮುಂದ? ಬಾಗಲಾ ತೆರೀತೇನು?" ಎಂದು ಕಾಗದಕ್ಕೆ ಬಾಗಿದರು. ನಾನು ಬರೆದಿದ್ದ ಉಳಿದ ನಾಲ್ಕು ಮಾತಿಗೂ ಅಲ್ಲಿದ್ದುದು ಒಂದೇ ಉತ್ತರ: "ಇನ್ನೊಂದ್ ರೊಟ್ಟಿ ತಗೋ."

"ನಿಧಿ ಎಲ್ಲಿ?"

"ಇಲ್ರಿ," ಎಂದ ಮಹಾದೇವ. "ಆ ಬಾಗಲದ ಆಚೆ ನಾ ಏನೂ ಬರದಿಲ್ಲ. ಇಲ್ಲೀತನಕ ಅಷ್ಟ."

"ಏನಂದಿ?" ಚನ್ನಬಸಪ್ಪನವರು ಎದ್ದೇ ನಿಂತರು. "ಆರು ತಿಂಗಳಾತಲ್ಲೋ! ಬಾವ್ಯಾಗ ಬಿದ್ದು, ಹಾವ ಕಡಿಸಿಕೊಂಡು ಬಂದದ್ದು ಎರಡು ರೊಟ್ಟೀಗೇನು? ಇದು ಮೋಸ!"

ನಾನು ಜಗಳಕ್ಕೆ ಬಾಯಿ ತೆರೆದೆ. ಆದರೆ ಮಹಾದೇವನೇ ಮಾತಾಡಿದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಆ ಅಜ್ಜಿ ನಮ್ಮ ಅವ್ವ ರೀ. ಎಪ್ಪತ್ತಾರರಾಗ ರಜಾಕ್ಕ ಊರಿಗೆ ಹೋಗಿದ್ದೆ. ಹೊಂಟ ದಿವಸ ಒಲಿ ಮುಂದ ಕುಂತಿದ್ಲು, ಊಟ ಆತೇನೋ ಅಂದ್ಲು. ಬಸ್ ಹಾರನ್ ಹೊಡ್ಯಾಕತ್ತಿತ್ತು. ಆತಬೇ ಅಂದೆ. ಆಗಿರಲಿಲ್ಲ. ಅಕಿಗೂ ಗೊತ್ತಿತ್ತು, ಹೆಂಚಿನ ಮ್ಯಾಲೆ ರೊಟ್ಟಿ ಇತ್ತು. ಹಂಗಾದ್ರ ಹುಷಾರಾಗಿ ಹೋಗಿ ಬಾ ಅಂದ್ಲು. ಅದ ಕಡೀ ಮಾತು. ಟೆಲಿಗ್ರಾಂ ಬಂದು ನಾ ಹೋಗಿ ಮುಟ್ಟೂದ್ರಾಗ ನಾಕು ದಿನಾ ಆಗಿತ್ತು. ಅವತ್ತ ಇಲ್ಲ ಅಂದಿದ್ರ ಅಕಿ ಏನಂತಿದ್ಲು ಅಂತ ನನಗ ಗೊತ್ತೈತಿ, ಅದನ್ನ ಬರದಿಟ್ಟೆ. ಆದ್ರ ನಾನ ಬರದು ನಾನ ಇಲ್ಲ ಅಂದ್ರ ಏನು ಬಂತು? ಬ್ಯಾರೆ ಯಾರರೆ ಅಕಿ ಮುಂದ ನಿಂತು ಅನ್ನಬೇಕಿತ್ತು."

ಯಜಮಾನರು ಪೇಪರ್ ಮಡಚಿಟ್ಟರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನಾಚಿಕೆಯೇನೂ ಆಗಲಿಲ್ಲ.

ಪಾಳುಕೋಟೆಯ ಬಗ್ಗೆ ನಮ್ಮ ಜಗಳ ಅವತ್ತೂ ಮುಗಿಯಲಿಲ್ಲ, ವರ್ಗವಾಗಿ ಊರೂರು ಚದುರಿದ ಮೇಲೂ ಕಾಗದದಲ್ಲಿ ನಡೆಯಿತು. ಅದು ಅಪೂರ್ಣ ಎಂದು ಚನ್ನಬಸಪ್ಪನವರು, ಅದಕ್ಕಿಂತ ಪೂರ್ಣ ಇನ್ನೇನಿದೆ ಎಂದು ದಾನಯ್ಯ. ನಾನು ಇಬ್ಬರನ್ನೂ ಬೈಯುತ್ತಿದ್ದೆ. ಆ ಭಾನುವಾರಗಳನ್ನು ನೆನೆದರೆ ಈಗಲೂ ಜೀವ ಕಾಶಿಗೆ ಓಡುತ್ತದೆ.

ಅವತ್ತು ಚನ್ನಬಸಪ್ಪನವರು ಮತ್ತೆ ಮೆಟ್ಟಿಲ ಮೇಲೆ ಕೂತು, ಆರಿಹೋದ ಚಹ ಕುಡಿದು ಮುಗಿಸಿದರು. "ಆಟ ಅರ್ಧಾನ ಐತಿ. ಇದನ್ನ ಯಾರ ಮುಂದ ಬೇಕಾದ್ರೂ ಹೇಳ್ತೀನಿ," ಎಂದರು. ಆಮೇಲೆ ಕಿಸೆಯಿಂದ ಪೆನ್ಸಿಲ್ ತೆಗೆದು, ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆಯತೊಡಗಿದರು. ಇಪ್ಪತ್ತು ಮಾತು ಬರೆಯುವ ಕಡೆ ಒತ್ತೊತ್ತಾಗಿ ಇನ್ನೂ ಇಪ್ಪತ್ತು ಸೇರಿಸಿ ಮಹಾದೇವನ ಕೈಗೆ ಕೊಟ್ಟರು. ನಾನು ಬಗ್ಗಿ ನೋಡಿದೆ. ಅಜ್ಜಿಯ ಮನೆ ಮುಟ್ಟುವತನಕ ದಾರಿ, ಅಲ್ಲಿಂದ ಮುಂದೆ ಕಾಗದದ ತುದಿಯವರೆಗೂ 'ಇಲ್ಲ', 'ಇಲ್ಲ', 'ಇಲ್ಲ'.

"ಇಷ್ಟೂ ಪಂಚ್ ಮಾಡ್ಲೇನ್ರಿ?" ಎಂದ ಮಹಾದೇವ.

"ಮಾಡು," ಎಂದರು ಚನ್ನಬಸಪ್ಪ. "ಒಂದೂ ಬಿಡಬ್ಯಾಡ."